ಪೋಟಗಿಯೋ, ಪಾಲೋ?

(ಬೈತಖೋಲದಲ್ಲಿ ಬಂದರಿನ ಕೆಲಸಗಾರರು, ಕಾರಖಾನೆಯ ಕಾರ್ಮಿಕರು ಮತ್ತು ಅಂಗಡಿಕಾರರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ಸಭೆಯ ವಿಷಯ ತಿಳಿದ ಕೂಡಲೇ ನಮ್ಮ ಕೆಲವು ಗೆಳೆಯರು ಮುಖ ಸಿಂಡರಿಸಿದರು. "ಬೋನಸ್ಸಿನ ಮಾತಾಡಿ, ಡೀಸೆಲ್ ದರದ ಮಾತಾಡಿ, ಬಂದರಿನ ಮಾತಾಡಿ. ಗಂಡಹೆಂಡಿರ ಜಗಳ ಪಕ್ಷಕ್ಕೆ ಯಾಕೆ?" ಎಂದು ಕೇಳಿದರು. ಒಬ್ಬರು ಗಾದೆಯನ್ನೂ ಒದಗಿಸಿದರು: ಗಂಡಹೆಂಡಿರ ಜಗಳ ಉಂಡು ಮಲಗುವ ತನಕ. ಗಾದೆ ಕಟ್ಟಿದವನು ಮನೆಯಲ್ಲಿ ಉಣ್ಣಲಿಕ್ಕೆ ಇದೆ ಎಂದು ಹಿಡಿದುಕೊಂಡಿದ್ದ. ಗಂಡ ಎದ್ದು ಹೋಗಿದ್ದಾನೆ, ಮಡಕೆಯಲ್ಲಿ ಗಂಜಿ ಇಲ್ಲ, ಮಕ್ಕಳು ಎರಡು. ಅಂಥ ಮನೆಯ ಜಗಳ ಎಲ್ಲಿಯ ತನಕ? ಅದನ್ನು ಹೇಳುವ ಗಾದೆ ನನಗೆ ಗೊತ್ತಿಲ್ಲ.

ಪಕ್ಷಕ್ಕೆ ಯಾಕೆ ಎಂದು ಕೇಳಿದವರಿಗೆ ಒಂದೇ ಮಾತು. ಲೋಹಿಯಾ ಅವರು ಎಣಿಸಿದ ಏಳು ಕ್ರಾಂತಿಗಳಲ್ಲಿ ಮೊದಲನೆಯದು ಗಂಡು ಹೆಣ್ಣಿನ ಸಮಾನತೆಯದು. ನಾವು ಅವರ ಪಟ ಕಟ್ಟಿ ಹಾರ ಹಾಕುತ್ತೇವೆ, ಮೊದಲನೆಯದನ್ನು ಬಿಟ್ಟು ಎರಡನೆಯದರಿಂದ ಎಣಿಸಲು ಸುರು ಮಾಡುತ್ತೇವೆ.

ಕಾರವಾರ ಅಂಕೋಲೆಯ ಕಡೆ ಇದಕ್ಕೆ ಪೋಟಗಿ ಎನ್ನುತ್ತೇವೆ. ಮುಂಬಯಿ ಸರಕಾರದ ಕಾಲದಿಂದ ಕೋರ್ಟು ಕಚೇರಿಗಳಲ್ಲಿ ಉಳಿದುಬಂದ ಮರಾಠಿ ಮಾತು. ಪೋಟ ಎಂದರೆ ಹೊಟ್ಟೆ. ಇಲ್ಲಿ ಕುಳಿತ ಕೊಂಕಣಿಯವರಿಗೆ ಅದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಮೈಸೂರಿನ ಕಡೆಯವರು ಇದನ್ನೇ ಜೀವನಾಂಶ ಎನ್ನುತ್ತಾರೆ. ಅಂಶ ಎಂದರೆ ಪಾಲು. ಒಂದು ಮಾತಿನಲ್ಲಿ ಹೊಟ್ಟೆಗೆ ಹಾಕುವ ದಯೆ ಇದೆ, ಇನ್ನೊಂದರಲ್ಲಿ ಹಕ್ಕಿನ ಪಾಲು ಇದೆ. ನಾನು ಮೇಷ್ಟ್ರಾಗಿದ್ದವನು, ಶಬ್ದದ ಬೆನ್ನು ಹತ್ತುವ ಚಟ ಬಿಟ್ಟಿಲ್ಲ ಎಂದು ನಗಬೇಡಿ. ಬಿಟ್ಟ ಹೆಂಡತಿಗೆ ಗಂಡ ಕೊಡುವುದು ಭಿಕ್ಷೆಯೇ ಅಥವಾ ಬಾಕಿಯೇ ಎಂಬ ಪ್ರಶ್ನೆಯೇ ಇಂದಿನ ಇಡೀ ವಿಷಯ.

ನೀವು ಪಾಲಿನ ಲೆಕ್ಕ ತಿಳಿದವರು. ಹಿಂದೆ ಈ ದಂಡೆಯಲ್ಲಿ ರಂಪಣಿ ಬಲೆ ಎಳೆಯುತ್ತಿದ್ದರು. ಎಳೆದ ಕೈಗೆ ಪಾಲು. ಈಗ ಟ್ರಾಲರು, ಪರ್ಸೀನ್ ಬೋಟುಗಳು ಬಂದಿವೆ. ಅಲ್ಲಿಯೂ ಹಿಡಿದ ಮೀನಿನ ಮೇಲೆ ಪಾಲು. ಪಾಲು ಕೊಡದ ಬೋಟಿನ ಮಾಲಕನನ್ನು ಈ ಧಕ್ಕೆಯ ಮೇಲೆ ನೀವು ಸುಮ್ಮನೆ ಬಿಟ್ಟೀರಾ? ಹಾಗಾದರೆ ಮೀನು ದಡಕ್ಕೆ ಬಂದ ಮೇಲೆ ಆರಿಸಿದವಳು, ಉಪ್ಪು ಹಾಕಿ ಒಣಗಿಸಿದವಳು, ಬುಟ್ಟಿ ಹೊತ್ತು ಪೇಟೆಯಲ್ಲಿ ಕೂಗಿ ಮಾರಿದವಳು, ಮನೆಗೆ ಬಂದು ಅನ್ನ ಬೇಯಿಸಿದವಳು, ನಿಮ್ಮ ತಾಯಿಯ ಕಾಲು ಒತ್ತಿದವಳು, ಹತ್ತು ವರುಷ ಇಷ್ಟನ್ನೆಲ್ಲ ಮಾಡಿದವಳು ಮನೆ ಬಿಟ್ಟು ಹೊರಡುವಾಗ ಅವಳ ಪಾಲು ಎಲ್ಲಿ? ಕೂಲಿ ಕೊಡದೆ ದುಡಿಸಿಕೊಂಡು ಕೊನೆಗೆ ಹೊರಗೆ ಹಾಕಿದವನನ್ನು ಕಾರಖಾನೆಯಲ್ಲಾದರೆ ನಾವು ಶೋಷಕ ಎನ್ನುತ್ತೇವೆ. ಮನೆಯಲ್ಲಾದರೆ ಯಜಮಾನ ಎನ್ನುತ್ತೇವೆ.

ಈ ದಂಡೆಯ ಮೇಲೆ ಮೀನು ಮಾರುವ ಒಬ್ಬ ತಾಯಿಯ ಸಂಗತಿ ಹೇಳುತ್ತೇನೆ. ಹೆಸರು, ಕೇರಿ ಕೇಳಬೇಡಿ. ಗಂಡ ಬೇರೆ ಬಂದರಿನ ಬೋಟಿಗೆ ಹೋದ, ಅಲ್ಲಿಯೇ ಬೇರೆ ಸಂಸಾರ ಹೂಡಿದ. ಇವಳು ಅರ್ಜಿ ಹಾಕಿ, ತಾರೀಖಿಗೆ ತಾರೀಖಿಗೆ ಅಲೆದು, ತನಗೆ ಎರಡೂವರೆ ಸಾವಿರ, ಮಗುವಿಗೆ ಒಂದೂವರೆ ಸಾವಿರ, ಒಟ್ಟು ತಿಂಗಳಿಗೆ ೪,೦೦೦ ರೂಪಾಯಿಯ ಹುಕುಂ ಪಡೆದಳು. ಅವನು ಮೂರು ತಿಂಗಳು ಕೊಟ್ಟ, ಆಮೇಲೆ ನಿಲ್ಲಿಸಿದ. ಅವಳು ಕೇಳಿದಳು. "ಮಳೆಗಾಲ ಕಳೆಯಲಿ" ಎಂದ. ಕೇರಿಯ ಹಿರಿಯರು, "ಮತ್ತೆ ಕೋರ್ಟಿಗೆ ಹೋದರೆ ಅವನು ಕೈಬಿಟ್ಟಾನು, ತಾಳು" ಎಂದರು. ತಾಳಿದಳು. ಎರಡೂವರೆ ವರುಷ ತಾಳಿದಳು. ಕೊನೆಗೆ ವಸೂಲಿಗೆ ಅರ್ಜಿ ಹಾಕಿದಾಗ, ಮೂವತ್ತು ತಿಂಗಳ ೧,೨೦,೦೦೦ ರೂಪಾಯಿ ಬಾಕಿಯಲ್ಲಿ ಹಿಂದಿನ ಹನ್ನೆರಡು ತಿಂಗಳ ೪೮,೦೦೦ಕ್ಕೆ ಮಾತ್ರ ವಾರಂಟು ಹೊರಟಿತು. ಉಳಿದ ೭೨,೦೦೦ಕ್ಕೆ ಆ ದಾರಿ ಮುಚ್ಚಿತ್ತು. ಯಾಕೆಂದರೆ ಪೋಟಗಿ ಬಾಕಿಯಾದ ದಿನದಿಂದ ಒಂದು ವರುಷದೊಳಗೆ ವಸೂಲಿ ಅರ್ಜಿ ಹಾಕಬೇಕೆಂದು ಕಾಯದೆಯಲ್ಲಿ ಒಂದು ಸಾಲು ಇದೆ. ಬಾಕಿಯ ಹಕ್ಕು ಇದರಿಂದ ಸಾಯುವುದಿಲ್ಲವೆಂದು ೨೦೧೩ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ, ನಿಜ. ಆದರೆ ಬೇರೆ ದಾರಿ ಹಿಡಿದು ಇನ್ನಷ್ಟು ವರುಷ ಅಲೆಯಲು ಬುಟ್ಟಿ ಹೊರುವವಳಿಗೆ ಬಿಡುವು ಯಾರು ಕೊಡುತ್ತಾರೆ? ಆ ಒಂದು ಸಾಲನ್ನು ಅವಳಿಗೆ ಯಾರೂ ಓದಿ ಹೇಳಲಿಲ್ಲ. ತಾಳು ಎಂದವರು ನೂರು ಮಂದಿ.

ಆದ್ದರಿಂದ ತಾಯಂದಿರು ಇಂದು ಬೇರೆ ಏನನ್ನು ಮರೆತರೂ ಇದೊಂದನ್ನು ಸೆರಗಿಗೆ ಗಂಟು ಹಾಕಿಕೊಳ್ಳಿ. ಎರಡು ತಿಂಗಳು ಹಣ ಬರಲಿಲ್ಲವೇ, ಮೂರನೆಯ ತಿಂಗಳಲ್ಲಿ ಅರ್ಜಿ ಹಾಕಿ. ವರುಷ ತುಂಬಲು ಬಿಡಬೇಡಿ.

ಕಾಯದೆ ಎಲ್ಲಿಂದ ಎಲ್ಲಿಗೆ ಬಂತು ಎಂಬುದನ್ನು ಸ್ವಲ್ಪ ನೋಡೋಣ. ನಮ್ಮ ಜಿಲ್ಲೆ ೧೯೫೬ರ ನವೆಂಬರ್ ೧ರ ತನಕ ಮುಂಬಯಿಗೆ ಸೇರಿತ್ತು. ಮುಂಬಯಿ ಸರಕಾರ ೧೯೪೬ರಲ್ಲಿಯೇ ಹಿಂದೂ ಗಂಡಸು ಎರಡನೆಯ ಮದುವೆ ಆಗುವುದನ್ನು ತಡೆಯಿತು, ೧೯೪೭ರಲ್ಲಿ ಹಿಂದೂಗಳಿಗೆ ವಿಚ್ಛೇದನದ ಕಾಯದೆ ತಂದಿತು. ದೇಶಕ್ಕೆಲ್ಲ ಇವೆರಡೂ ಬಂದದ್ದು ೧೯೫೫ರ ಹಿಂದೂ ವಿವಾಹ ಕಾಯದೆಯಿಂದ. ಎಂದರೆ ಈ ವಿಷಯದಲ್ಲಿ ನಮ್ಮ ಕರಾವಳಿ ಹಿಂದೆ ಬಿದ್ದ ನಾಡಲ್ಲ. ಹಣದ ಮಾತು ಮಾತ್ರ ಬೇರೆ. ಬ್ರಿಟಿಷರ ಕ್ರಿಮಿನಲ್ ಪ್ರೊಸೀಜರ್ ಕೋಡಿನ ೪೮೮ನೆಯ ಕಲಮಿನ ಪ್ರಕಾರ ಮ್ಯಾಜಿಸ್ಟ್ರೇಟರು ತಿಂಗಳಿಗೆ ನೂರು ರೂಪಾಯಿಯ ಮೇಲೆ ಕೊಡಿಸುವಂತಿರಲಿಲ್ಲ. ೧೯೫೫ರಲ್ಲಿ ಅದು ಐನೂರಾಯಿತು. ೧೯೭೩ರ ಹೊಸ ಕೋಡಿನ ೧೨೫ನೆಯ ಕಲಮಿನಲ್ಲಿ ವಿಚ್ಛೇದನವಾದ ಹೆಂಗಸನ್ನೂ, ಅವಳು ಮರುಮದುವೆ ಆಗುವ ತನಕ, ಹೆಂಡತಿ ಎಂದೇ ಎಣಿಸಿದರು. ದೊಡ್ಡ ಹೆಜ್ಜೆ ಅದು. ಆದರೆ ಐನೂರು ಐನೂರಾಗಿಯೇ ಉಳಿಯಿತು. ಕೇಂದ್ರದ ಕಾಯದೆಯಿಂದ ಆ ಮಿತಿಯನ್ನು ತೆಗೆದದ್ದು ೨೦೦೧ರಲ್ಲಿ. ನಲವತ್ತಾರು ವರುಷ! ಈ ನಲವತ್ತಾರು ವರುಷದಲ್ಲಿ ಅಕ್ಕಿಯ ದರ ಎಷ್ಟು ಸಲ ಏರಿತು, ಸರಕಾರಿ ನೌಕರರ ತುಟ್ಟಿಭತ್ಯೆ ಎಷ್ಟು ಸಲ ಏರಿತು, ಶಾಸಕರ ಸಂಬಳ ಎಷ್ಟು ಸಲ ಏರಿತು, ಅಂಗಡಿಕಾರರೇ, ನೀವೇ ಹೇಳಿ. ಬಿಟ್ಟ ಹೆಂಡತಿಯ ಹೊಟ್ಟೆಯ ದರ ಮಾತ್ರ ಏರಲಿಲ್ಲ.

ಶಾಹಬಾನೋ ಎಂಬ ಇಂದೋರಿನ ಮುದುಕಿಯ ಹೆಸರು ನೀವೆಲ್ಲ ಕೇಳಿದ್ದೀರಿ. ೧೯೮೫ರಲ್ಲಿ ದೇಶವೇ ಅಲ್ಲೋಲಕಲ್ಲೋಲವಾಯಿತು, ೧೯೮೬ರಲ್ಲಿ ಸಂಸತ್ತು ಮುಸ್ಲಿಂ ಹೆಂಗಸರಿಗೆ ಬೇರೆ ಕಾಯದೆ ಮಾಡಿತು. ಆ ಗಲಾಟೆಯಲ್ಲಿ ಎಲ್ಲರೂ ಮರೆತ ಒಂದು ಅಂಕಿ ಇದೆ. ಅವಳಿಗೆ ಸಿಕ್ಕಿದ್ದು ತಿಂಗಳಿಗೆ ೧೭೯ ರೂಪಾಯಿ ೨೦ ಪೈಸೆ. ಗಂಡ ವಕೀಲ. ಧರ್ಮದ ಮೇಲೆ ಭಾಷಣ ಮಾಡಿದವರಾರೂ ೧೭೯ ರೂಪಾಯಿಯಲ್ಲಿ ಮುದುಕಿ ಹೇಗೆ ಬದುಕಬೇಕೆಂದು ಕೇಳಲಿಲ್ಲ. ೨೦೨೪ರ ಜುಲೈ ೧೦ರಂದು ಸುಪ್ರೀಂ ಕೋರ್ಟು, ವಿಚ್ಛೇದನವಾದ ಮುಸ್ಲಿಂ ಹೆಂಗಸೂ ೧೨೫ನೆಯ ಕಲಮಿನಲ್ಲಿ ಕೇಳಬಹುದೆಂದು ಮತ್ತೊಮ್ಮೆ ಖಚಿತ ಮಾಡಿತು. ಕ್ರಿಶ್ಚನ್ ಹೆಂಗಸರಿಗೆ ಹಳೆಯ ಕಾಯದೆಯಲ್ಲಿ ಮೊಕದ್ದಮೆ ನಡೆಯುವಾಗ ಗಂಡನ ಆದಾಯದ ಐದನೆಯ ಒಂದು ಪಾಲಿನ ಮೇಲೆ ಇರಲಿಲ್ಲ. ಆ ಮಿತಿಯೂ ೨೦೦೧ರಲ್ಲಿ ಹೋಯಿತು. ಹಸಿವಿಗೆ ಜಾತಿ ಇಲ್ಲವೆಂದು ತಿಳಿಯಲು ಕಾಯದೆಗೆ ಇಷ್ಟು ದಿನ ಹಿಡಿಯಿತು.

೨೦೨೪ರ ಜುಲೈ ೧ರಿಂದ ಆ ೧೨೫ನೆಯ ಕಲಮಿನ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೧೪೪ನೆಯ ಕಲಮು ಬಂದಿದೆ. ಅಂಕಿ ಬದಲಾಯಿತು, ತಿರುಳು ಹೆಚ್ಚು ಬದಲಾಗಲಿಲ್ಲ. ತನ್ನನ್ನು ಸಾಕಿಕೊಳ್ಳಲಾರದ ಹೆಂಡತಿ, ಮಕ್ಕಳು, ಮುದಿ ತಂದೆತಾಯಿ ಕೇಳಬಹುದು. ಗಂಡನಿದ್ದಲ್ಲಿಗೇ ಹೋಗಿ ದಾವೆ ಹೂಡಬೇಕೆಂದಿಲ್ಲ. ಹೆಂಡತಿ ತಾನು ವಾಸವಿದ್ದ ಜಿಲ್ಲೆಯಲ್ಲಿಯೇ ಹಾಕಬಹುದು. ಮೊಕದ್ದಮೆ ಮುಗಿಯುವ ಮೊದಲೇ ಮಧ್ಯಂತರ ಪೋಟಗಿ ಕೇಳಬಹುದು. ಎದುರಿನವನಿಗೆ ನೋಟೀಸು ಮುಟ್ಟಿ ಅರವತ್ತು ದಿನದೊಳಗೆ, ಆದಷ್ಟು ಮಟ್ಟಿಗೆ, ಅದನ್ನು ತೀರ್ಮಾನಿಸಬೇಕೆಂದು ಕಾಯದೆ ಹೇಳುತ್ತದೆ. "ಆದಷ್ಟು ಮಟ್ಟಿಗೆ" ಎಂಬಲ್ಲಿ ಎಷ್ಟು ಅರವತ್ತು ದಿನಗಳು ಸಂದುಹೋಗುತ್ತವೆ ಎಂಬುದು ಕೋರ್ಟಿನ ಜಗಲಿಯಲ್ಲಿ ಕುಳಿತವರಿಗೆ ಗೊತ್ತು. ಹೆಂಗಸಿಗೆ, ಅವಳ ಆದಾಯ ಎಷ್ಟೇ ಇರಲಿ, ವಕೀಲರನ್ನು ಪುಕ್ಕಟೆ ಕೊಡಬೇಕೆಂದು ೧೯೮೭ರ ಕಾನೂನು ಸೇವಾ ಪ್ರಾಧಿಕಾರದ ಕಾಯದೆ ಇದೆ. ಇದಲ್ಲದೆ ೨೦೦೫ರ ಕೌಟುಂಬಿಕ ದೌರ್ಜನ್ಯದ ಕಾಯದೆಯಲ್ಲಿಯೂ ಹಣ ಕೇಳುವ ದಾರಿ ಇದೆ. ಹಣ ಕೊಡದೆ ಒಂದು ತಿಂಗಳು ಜೈಲಿಗೆ ಹೋಗಿ ಬಂದೆ, ಸಾಲ ತೀರಿತು ಎಂದು ಮೀಸೆ ತಿರುವುವವರಿದ್ದಾರೆ. ತೀರುವುದಿಲ್ಲ. ೧೯೮೮ರಲ್ಲಿಯೇ ಸುಪ್ರೀಂ ಕೋರ್ಟು ಹೇಳಿದೆ: ಜೈಲು ವಸೂಲಿಯ ಒಂದು ಉಪಾಯ, ಹಣ ಕೊಟ್ಟಾಗಲೇ ಬಾಕಿ ತೀರುವುದು.

ಇನ್ನು ನಮ್ಮ ಕಡೆಯ ಸೋಡಚೀಟಿ. ಪಂಚರು ಕುಳಿತು, ಸ್ಟಾಂಪ್ ಕಾಗದದ ಮೇಲೆ "ನಾವಿಬ್ಬರೂ ಒಪ್ಪಿ ಬೇರೆಯಾಗಿದ್ದೇವೆ, ಒಬ್ಬರ ಮೇಲೆ ಒಬ್ಬರಿಗೆ ಹಕ್ಕಿಲ್ಲ" ಎಂದು ಬರೆದು ಹೆಬ್ಬೆಟ್ಟು ಒತ್ತಿಸುತ್ತಾರೆ. ಜಾತಿಯಲ್ಲಿ ಅಂಥ ರೂಢಿ ಹಿಂದಿನಿಂದ ಇತ್ತೆಂದು ಸಿದ್ಧಮಾಡಿದರೆ ಮಾತ್ರ ಕೋರ್ಟು ಅದನ್ನು ವಿಚ್ಛೇದನವೆಂದು ಒಪ್ಪುತ್ತದೆ. ಸಿದ್ಧವಾಗದಿದ್ದರೆ ಅವಳು ಇನ್ನೂ ಹೆಂಡತಿಯೇ. ಆದರೆ ಪರಸ್ಪರ ಒಪ್ಪಿ ಬೇರೆಯಾಗಿರುವ ಹೆಂಡತಿಗೆ ಪೋಟಗಿ ಇಲ್ಲವೆಂದು ಅದೇ ಕಲಮಿನಲ್ಲಿ ಇದೆ. ಕಾನೂನು ಪ್ರಕಾರ ಒಪ್ಪಿ ವಿಚ್ಛೇದನವಾದವಳಿಗೆ ಈ ಅಡ್ಡಿ ಇಲ್ಲವೆಂದು ೧೯೯೫ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಎಂದರೆ ಕೋರ್ಟಿನಲ್ಲಿ ಬಿಡುಗಡೆಯಾದವಳಿಗೆ ಹಕ್ಕು ಉಳಿಯುತ್ತದೆ, ಪಂಚರ ಮುಂದೆ ಹೆಬ್ಬೆಟ್ಟು ಒತ್ತಿದವಳು ಎರಡೂ ಕಡೆಯಿಂದ ಸಿಕ್ಕಿಬೀಳಬಹುದು. ಪಂಚರಲ್ಲಿ ನಮ್ಮ ಪಕ್ಷದವರೂ ಇರುತ್ತಾರೆ. ಆ ಕಾಗದಕ್ಕೆ ಸಾಕ್ಷಿ ಹಾಕಬೇಡಿರೆಂದು ಈ ಸಭೆಯಲ್ಲಿಯೇ ಕೇಳಿಕೊಳ್ಳುತ್ತೇನೆ.

ಈಗ ಗಿರಣಿಯ ಸಂಗಾತಿಗಳಿಗೆ. ೧೯೬೫ರ ಬೋನಸ್ ಕಾಯದೆ ಬಂದಂದಿನಿಂದ ನಾವು ಮಾಲಕರಿಗೆ ಹೇಳುತ್ತ ಬಂದದ್ದೇನು? ಲೆಕ್ಕದ ಪುಸ್ತಕ ತೆರೆದು ತೋರಿಸು. ಲಾಭ ಮುಚ್ಚಿಟ್ಟು ನಷ್ಟ ತೋರಿಸಬೇಡ. ದಾಂಡೇಲಿಯ ಕಾಗದದ ಗಿರಣಿ ಇರಲಿ, ಬಿಣಗಾದ ಕಾರಖಾನೆ ಇರಲಿ, ಎಲ್ಲ ಕಾರ್ಮಿಕರ ಮಾತೂ ಇದೇ. ಅದೇ ಕಾರ್ಮಿಕ ಪೋಟಗಿಯ ಮೊಕದ್ದಮೆಯಲ್ಲಿ ನಿಂತಾಗ ಓವರ್‌ಟೈಮ್ ಮರೆತುಹೋಗುತ್ತದೆ. ಸೊಸೈಟಿಯಲ್ಲಿ ಬೇಕೆಂದೇ ದೊಡ್ಡ ಸಾಲ ಎತ್ತಿ, ಕೈಗೆ ಬರುವ ಪಗಾರ ಇಷ್ಟೇ ಎನ್ನುತ್ತಾನೆ. ಅಂಗಡಿಕಾರನ ಅಂಗಡಿ ಒಂದೇ ರಾತ್ರಿಯಲ್ಲಿ ತಮ್ಮನ ಹೆಸರಿಗೆ ಹೋಗುತ್ತದೆ, ಅಣ್ಣ ಅಲ್ಲಿ ಗುಮಾಸ್ತ ಆಗುತ್ತಾನೆ. ಬೋಟಿನವನು, "ನನಗೆ ಪಗಾರವೇ ಇಲ್ಲ ಸ್ವಾಮಿ, ಮೀನು ಬಿದ್ದರೆ ಉಂಟು" ಎನ್ನುತ್ತಾನೆ. ಮಾಲಕ ಮಾಡಿದರೆ ಮೋಸ, ನಾವು ಮಾಡಿದರೆ ಜಾಣತನವೇ?

ಇದಕ್ಕೆ ೨೦೨೦ರ ನವೆಂಬರ್ ೪ರಂದು ಸುಪ್ರೀಂ ಕೋರ್ಟು ಒಂದು ಮದ್ದು ಅರೆಯಿತು. ಗಂಡಹೆಂಡಿರಿಬ್ಬರೂ ತಮ್ಮ ಆದಾಯ, ಆಸ್ತಿ, ಸಾಲ ಎಲ್ಲವನ್ನೂ ಪ್ರಮಾಣಪತ್ರದಲ್ಲಿ ಬರೆದು ಕೊಡಬೇಕು. ಪೋಟಗಿಯನ್ನು ಅರ್ಜಿ ಹಾಕಿದ ತಾರೀಖಿನಿಂದಲೇ ಲೆಕ್ಕ ಹಾಕಬೇಕು. ಎರಡನೆಯದು ಮುಖ್ಯ. ಮೊದಲು ತಾರೀಖು ಮುಂದೂಡಿದಷ್ಟೂ ಗಂಡನಿಗೆ ಲಾಭವಾಗುತ್ತಿತ್ತು. ಸಂಬಳದವನಿಗೆ ಇನ್ನೊಂದು ಮಾತು. ಸಾದಾ ಸಾಲದ ಡಿಕ್ರಿಗೆ ಪಗಾರದ ದೊಡ್ಡ ಭಾಗ ಜಪ್ತಿಯಿಂದ ಉಳಿಯುತ್ತದೆ. ಪೋಟಗಿಯ ಡಿಕ್ರಿಗಾದರೆ ಸಿವಿಲ್ ಪ್ರೊಸೀಜರ್ ಕೋಡಿನ ೬೦ನೆಯ ಕಲಮಿನ ಪ್ರಕಾರ ಮೂರನೆಯ ಒಂದು ಪಾಲು ಮಾತ್ರ ಉಳಿಯುತ್ತದೆ. ಸಾಹುಕಾರನ ಸಾಲಕ್ಕಿಂತ ಹೆಂಡತಿಯ ಬಾಕಿ ದೊಡ್ಡದೆಂದು ಕಾಯದೆಯೇ ಒಪ್ಪಿದೆ.

ಬೋಟಿನ ಪಾಲುಗಾರನಿಗೆ ಪಗಾರ ಚೀಟಿ ಇಲ್ಲ, ನಿಜ. ಜೂನ್ ೧ರಿಂದ ಜುಲೈ ೩೧ರ ತನಕ ಯಾಂತ್ರಿಕ ಬೋಟುಗಳಿಗೆ ಬಂದಿ, ಆಗ ದುಡಿಮೆ ಇಲ್ಲ, ಅದೂ ನಿಜ. ಆದರೆ ಮಗುವಿನ ಹೊಟ್ಟೆಗೆ ಜೂನ್ ಜುಲೈ ಬಂದಿ ಇಲ್ಲ. ಹತ್ತು ತಿಂಗಳ ಗಳಿಕೆಯನ್ನು ಹನ್ನೆರಡರಿಂದ ಭಾಗಿಸುವ ಲೆಕ್ಕ ನಾಲ್ಕನೆಯ ಇಯತ್ತೆಯದು. ಒಂದು ಬೋಟು ಋತುವಿನಲ್ಲಿ ಎಷ್ಟು ಪಾಲು ಹಂಚಿತೆಂದು ಈ ಧಕ್ಕೆಯ ಮೇಲಿನ ಮಕ್ಕಳಿಗೂ ಗೊತ್ತು. ಕೋರ್ಟಿಗೆ ಬಂದು ಹೇಳುವವರು ಮಾತ್ರ ಸಿಗುವುದಿಲ್ಲ.

ಅವಳು ಮೀನು ಮಾರಿ ಗಳಿಸುತ್ತಾಳಲ್ಲ, ಅವಳಿಗೆ ಯಾಕೆ ಎಂಬುದು ಇನ್ನೊಂದು ವಾದ. ಹೊಟ್ಟೆಪಾಡಿಗೆ ಏನೋ ಸ್ವಲ್ಪ ಗಳಿಸುತ್ತಾಳೆಂಬ ಕಾರಣಕ್ಕೆ ಹಕ್ಕು ಹೋಗುವುದಿಲ್ಲವೆಂದು ೨೦೦೭ರಲ್ಲಿಯೇ ಸುಪ್ರೀಂ ಕೋರ್ಟು ತೀರ್ಮಾನಿಸಿದೆ. ಗಂಡನ ಮನೆಯಲ್ಲಿ ಅವಳಿಗಿದ್ದ ಅಂತಸ್ತಿನಲ್ಲಿ ಬದುಕಲು ಅದು ಸಾಕೇ ಎಂಬುದು ಪ್ರಶ್ನೆ. ಹಸಿದು ಕುಳಿತರೆ ಮಾತ್ರ ಪೋಟಗಿ, ಬುಟ್ಟಿ ಹೊತ್ತರೆ ಇಲ್ಲ ಎಂಬ ನ್ಯಾಯ ಯಾವ ಊರಿನದು?

ಗಂಡಸರ ಕಷ್ಟವನ್ನು ನಾನು ಅಲ್ಲಗಳೆಯುವುದಿಲ್ಲ. ಕೆಲಸ ಹೋಗುತ್ತದೆ, ಬೋಟು ಮುಳುಗುತ್ತದೆ, ಕೈಕಾಲು ಮುರಿಯುತ್ತದೆ. ಅಂಥವನು ಕೋರ್ಟಿಗೆ ಹೋಗಿ ಮೊತ್ತ ಇಳಿಸಿಕೊಳ್ಳಬಹುದು. ಪರಿಸ್ಥಿತಿ ಬದಲಾದರೆ ಹುಕುಂ ಬದಲಿಸುವ ಕಲಮು ಕಾಯದೆಯಲ್ಲಿಯೇ ಇದೆ. ಹಾಗೆ ಕೇಳದೆ ತಾನಾಗಿ ನಿಲ್ಲಿಸುವುದು ತಪ್ಪು. ಹಿಂದೂ ವಿವಾಹ ಕಾಯದೆಯ ೨೪ ಮತ್ತು ೨೫ನೆಯ ಕಲಮುಗಳಲ್ಲಿ ಗಂಡನೂ ಹೆಂಡತಿಯಿಂದ ಕೇಳಬಹುದು. ನಿಜಕ್ಕೂ ಅಶಕ್ತನಾದವನು ಕೇಳಲಿ, ನನ್ನ ಅಡ್ಡಿ ಇಲ್ಲ. ಗಟ್ಟಿಮುಟ್ಟಾದವನು ಕೆಲಸ ಬಿಟ್ಟು ಹೆಂಡತಿಯ ಹಣ ಕೇಳಿದಾಗ ಕರ್ನಾಟಕ ಹೈಕೋರ್ಟು ೨೦೨೩ರಲ್ಲಿ, ಇದು ಸೋಮಾರಿತನಕ್ಕೆ ನೀರೆರೆದಂತೆ ಎಂಬರ್ಥದಲ್ಲಿ ತಿರಸ್ಕರಿಸಿತು.

ಇನ್ನು ಒಂದು ಕ್ಷಣ ಕಾಳಿ ನದಿಯ ಸೇತುವೆ ದಾಟಿ, ಮಾಜಾಳಿಯ ಆಚೆ ಗೋವೆಗೆ ಬನ್ನಿ. ಇಲ್ಲಿ ಕುಳಿತ ಅನೇಕರಿಗೆ ಅಲ್ಲಿ ನೆಂಟರಿದ್ದಾರೆ. ೧೯೬೧ರ ಡಿಸೆಂಬರ್ ೧೯ರಂದು ಗೋವಾ ಬಿಡುಗಡೆಯಾಯಿತು, ಪೋರ್ತುಗೀಜರು ಹೋದರು. ಅವರ ೧೮೬೭ರ ಸಿವಿಲ್ ಕೋಡಿನ ಕುಟುಂಬ ನಿಯಮಗಳು ಉಳಿದವು. ಅಲ್ಲಿ ಮದುವೆಗೆ ಮೊದಲು ಬೇರೆ ಕರಾರು ಬರೆಯದಿದ್ದರೆ ಗಂಡಹೆಂಡಿರ ಆಸ್ತಿ ಒಂದೇ ರಾಶಿ. ಬೇರೆಯಾದರೆ ಅರ್ಧ ಅವನಿಗೆ, ಅರ್ಧ ಅವಳಿಗೆ. ಹೆಂಡತಿಯ ಒಪ್ಪಿಗೆ ಇಲ್ಲದೆ ಮನೆ ಜಮೀನು ಮಾರುವ ಹಾಗಿಲ್ಲ. ಅಲ್ಲಿನ ಹೆಂಗಸರೆಲ್ಲ ಸುಖದಲ್ಲಿದ್ದಾರೆಂದು ನಾನು ಹೇಳುತ್ತಿಲ್ಲ. ಆಡಳಿತ ಗಂಡನ ಕೈಯಲ್ಲಿಯೇ ಇಟ್ಟ ಕೋಡು ಅದು, ವಸಾಹತುಗಾರನ ಕೋಡಿಗೆ ನಾನು ಆರತಿ ಎತ್ತುವವನೂ ಅಲ್ಲ. ಆದರೆ ಒಂದೇ ಕೊಂಕಣಿ ಆಡುವ ಅಕ್ಕತಂಗಿಯರಲ್ಲಿ ಕಾಣಕೋಣಕ್ಕೆ ಕೊಟ್ಟವಳು ಬಿಟ್ಟು ಬರುವಾಗ ಅರ್ಧದ ಒಡತಿ, ಬೈತಖೋಲಕ್ಕೆ ಬಂದವಳು ಪೋಟಗಿಯ ಅರ್ಜಿದಾರಳು. ನಡುವೆ ಇರುವುದು ಒಂದು ಹೊಳೆ, ಒಂದು ಗಡಿನಾಕೆ.

ಈ ವ್ಯತ್ಯಾಸ ಎಷ್ಟು ದೊಡ್ಡದೆಂದು ನಮ್ಮ ಊರೇ ನೋಡಿದೆ. ೧೯೮೬ರಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿತ್ತು. ಕಾರವಾರ ಅಂಕೋಲೆಯ ನಡುವಿನ ಊರುಗಳು ಎದ್ದುಹೋದವು. ಪರಿಹಾರ ಯಾರ ಕೈಗೆ ಬಂತು? ಖಾತೆಯಲ್ಲಿ ಹೆಸರಿದ್ದವನ ಕೈಗೆ. ಖಾತೆಯಲ್ಲಿ ಹೆಂಗಸಿನ ಹೆಸರು ಎಷ್ಟು ಮನೆಗಳಲ್ಲಿತ್ತು? ಹಣ ಬಂದ ಮೇಲೆ ಹೆಂಡತಿಯನ್ನು ಬಿಟ್ಟವನಿಂದ ಅವಳು ಕೇಳಬಹುದಾದದ್ದು ತಿಂಗಳ ಪೋಟಗಿ, ನೆಲದ ಬೆಲೆಯಲ್ಲಿ ಅರ್ಧವಲ್ಲ. ನಮ್ಮ ಹಿರಿಯರು ೧೯೫೧ರಲ್ಲಿ ಕಾಗೋಡಿನಲ್ಲಿ ಸತ್ಯಾಗ್ರಹ ಮಾಡಿದರು, ಉಳುವವನೇ ಹೊಲದೊಡೆಯ ಎಂದರು, ೧೯೭೪ರಲ್ಲಿ ಆ ಕಾಯದೆ ಜಾರಿಗೆ ಬಂತು. ಉಳುವವನಿಗೆ ಪಟ್ಟೆ ಸಿಕ್ಕಿತು. ನೆಟ್ಟಿ ನೆಟ್ಟವಳ ಹೆಸರನ್ನು ಯಾರೂ ಕೇಳಲಿಲ್ಲ, ಸಮಾಜವಾದಿಗಳೂ ಕೇಳಲಿಲ್ಲ.

ಆದ್ದರಿಂದ ಪಕ್ಷ ಎರಡು ಬೇಡಿಕೆ ಇಡಬೇಕೆಂದು ನನ್ನ ಅಭಿಪ್ರಾಯ. ಮದುವೆಯ ಮೇಲೆ ಗಳಿಸಿದ ಆಸ್ತಿಯಲ್ಲಿ, ಯಾರ ಹೆಸರಿನಲ್ಲಿಯೇ ಇರಲಿ, ಹೆಂಡತಿಗೆ ಪಾಲು ಬೇಕು. ಹುಕುಂ ಆದ ಪೋಟಗಿ ಬಾರದಿದ್ದಲ್ಲಿ ಸರಕಾರ ಮಕ್ಕಳ ಹಣವನ್ನು ಮುಂಗಡ ಕೊಟ್ಟು, ಗಂಡನಿಂದ ತಾನು ವಸೂಲು ಮಾಡಿಕೊಳ್ಳಬೇಕು. ಇದು ಕನಸಿನ ಮಾತಲ್ಲ. ಜರ್ಮನಿಯಲ್ಲಿ ೧೯೮೦ರಿಂದ ಮಕ್ಕಳಿಗೆ ಇಂಥ ಮುಂಗಡದ ಏರ್ಪಾಡು ಇದೆ. ಭೂಕಂದಾಯದ ಬಾಕಿಗೆ ಪಾತ್ರೆಪಗಡ ಎತ್ತುವ ಸರಕಾರಕ್ಕೆ ಪೋಟಗಿಯ ಬಾಕಿ ಎತ್ತಲು ಕೈ ಬಾರದೇ? ೨೦೨೩ರಲ್ಲಿ ಸುರುವಾದ ಗೃಹಲಕ್ಷ್ಮಿಯ ಎರಡು ಸಾವಿರ ಸರಕಾರದ ಹಣ. "ಅದು ಬರುತ್ತದಲ್ಲ, ನಾನು ಯಾಕೆ ಕೊಡಲಿ" ಎಂದು ಕೇಳುವ ಗಂಡಂದಿರು ಹುಟ್ಟಿಕೊಂಡಿದ್ದಾರೆ ಎಂದು ಕೇಳುತ್ತೇನೆ. ಸರಕಾರದ ಹಣದಿಂದ ಅವರ ಬಾಕಿ ಒಂದು ಪೈಸೆಯೂ ತೀರಿಲ್ಲ.

ಬೇಡಿಕೆ ಈಡೇರುವ ತನಕ ಕೈಕಟ್ಟಿ ಕೂರಬೇಕಾಗಿಲ್ಲ. ಮುಂದಿನ ಆದಿತ್ಯವಾರ ಬೆಳಿಗ್ಗೆ ಇದೇ ಜಾಗದಲ್ಲಿ ನಾನೂ ಇಬ್ಬರು ಗೆಳೆಯರೂ ಅರ್ಜಿ ಬರೆಯಲು ಕೂರುತ್ತೇವೆ. ಬರುವ ತಾಯಂದಿರು ರೇಶನ್ ಕಾರ್ಡು, ಆಧಾರ್, ಮದುವೆಯ ಫೋಟೋ ಅಥವಾ ಲಗ್ನಪತ್ರಿಕೆ, ಮಕ್ಕಳ ಜನ್ಮದಾಖಲೆ ತನ್ನಿ. ಹಿಂದೆ ಹುಕುಂ ಆಗಿದ್ದರೆ ಅದರ ನಕಲು, ಕೊನೆಯ ಸಲ ಹಣ ಬಂದ ತಾರೀಖು ಬೇಕು. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿದ್ದರೆ ಇನ್ನೂ ಒಳ್ಳೆಯದು. ಇನ್ನು ಮುಂದೆ ಕೈಯಲ್ಲಿ ಹಣ ತೆಗೆದುಕೊಳ್ಳಬೇಡಿ, ಬ್ಯಾಂಕಿಗೇ ಹಾಕಿಸಿ. ಬರೆದ ಅರ್ಜಿಗಳನ್ನು ಕಾರವಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ನಾವೇ ಜೊತೆಗೆ ಬಂದು ಕೊಡುತ್ತೇವೆ. ಬೋಟಿನ ಪಾಲಿನ ಲೆಕ್ಕ ಗೊತ್ತಿದ್ದು, ಕೋರ್ಟಿನಲ್ಲಿ ನಿಂತು ನಿಜ ಹೇಳಲು ಸಿದ್ಧರಾದ ಗಂಡಸರು ಇದ್ದರೆ ಇಂದೇ ನನ್ನಲ್ಲಿ ಹೆಸರು ಬರೆಸಿ. ಪುಸ್ತಕ ಇಲ್ಲಿದೆ.